ಕುರ್ಚಿ ಅಕ್ಕನ ಮಳಿಗೆಯಲ್ಲಿ ಕೂತವರು

ಸಂಗೀತ ಮೇಳದಲ್ಲಿ ಕುರ್ಚಿ ಮಾರುವ ಕಷ್ಟ ಏನೆಂಬುದನ್ನು ಕುರ್ಚಿ ಅಕ್ಕನನ್ನೇ ಕೇಳಬೇಕು. ಮಡಕೆ ಮಾರುವವನ ಮಡಕೆಯಲ್ಲಿ ಯಾರೂ ಅನ್ನ ಬೇಯಿಸಿ ನೋಡುವುದಿಲ್ಲ. ಕಂಬಳಿ ನೇಯುವವಳ ಕಂಬಳಿ ಹೊದ್ದು ಯಾರೂ ನಿದ್ದೆ ಹೊಡೆಯುವುದಿಲ್ಲ. ಆದರೆ ಕುರ್ಚಿ ಕಂಡ ಕೂಡಲೇ ಮನುಷ್ಯನಿಗೆ ತನ್ನ ಕಾಲುನೋವು ನೆನಪಾಗುತ್ತದೆ. ಬರುತ್ತಾರೆ, ಕೂರುತ್ತಾರೆ, ಕಾಲು ಚಾಚುತ್ತಾರೆ, ವೇದಿಕೆಯ ಕಡೆ ತಿರುಗಿ ತಲೆದೂಗುತ್ತಾರೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುತ್ತದೆ. ಕೊನೆಗೆ ಎದ್ದು ಹೋಗುವಾಗ "ತುಂಬಾ ಚೆನ್ನಾಗಿದೆ ಅಕ್ಕ" ಅನ್ನುತ್ತಾರೆ. ಅದು ಕುರ್ಚಿಗೆ ಹೇಳಿದ್ದೋ ಹಾಡಿಗೆ ಹೇಳಿದ್ದೋ, ಹನ್ನೊಂದು ವರ್ಷವಾದರೂ ಅವಳಿಗೆ ತಿಳಿದಿರಲಿಲ್ಲ.

ಬೆತ್ತದ ಹೆಣಿಗೆ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಕಚೇರಿ, ಕೋರ್ಟು, ಶಾಲೆಗಳ ಕುರ್ಚಿಗಳನ್ನು ಹೆಣೆಯುತ್ತಿದ್ದ. ಸಾಹೇಬರುಗಳ ಭಾರಕ್ಕೆ ಕುಸಿದ ಕುರ್ಚಿಗಳು ಕೈಗಾಡಿಯಲ್ಲಿ ಮನೆಗೆ ಬರುತ್ತಿದ್ದವು. ಹರಿದ ಬೆತ್ತ ಕಿತ್ತು, ಚೌಕಟ್ಟಿನ ಒಂದೊಂದೇ ತೂತಿನಿಂದ ಕಸ ತೆಗೆಯುವುದು ಮಗಳ ಕೆಲಸವಾಗಿತ್ತು. ಹೆಣೆದದ್ದು ಒಣಗಿದ ಮೇಲೆ ಅಪ್ಪ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಟಣ್ ಅಂದರೆ ಸರಿ, ಡಬ್ ಅಂದರೆ ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ. ಅಕ್ಕನಿಗೆ ಐವತ್ತನಾಲ್ಕು ತುಂಬಿದರೂ ಬೆರಳು ತಟ್ಟುವಾಗ ಈಗಲೂ ಎದೆ ಒಂದಿಷ್ಟು ಡವಗುಟ್ಟುತ್ತಿತ್ತು.

ಗಂಡ ಬಸ್ ಡ್ರೈವರ್ ಆಗಿದ್ದು ನಿವೃತ್ತನಾದವನು. ಮೂವತ್ತೆರಡು ವರ್ಷ ಜನರನ್ನು ಕೂರಿಸಿಕೊಂಡು ಓಡಾಡಿದ ಅಭ್ಯಾಸವೋ ಏನೋ, ನಿಂತವರನ್ನು ಕಂಡರೆ ಅವನಿಗೆ ಸಂಕಟ. "ಬನ್ನಿ ಬನ್ನಿ, ಕೂತ್ಕೊಳ್ಳಿ, ಜಾಗ ಇದೆ" ಎಂದು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸುವುದೇ ಅವನ ವ್ಯಾಪಾರ. ಅಕ್ಕ ಒಂದು ವರ್ಷ "ದಯವಿಟ್ಟು ಕೂರಬೇಡಿ" ಎಂದು ಬೋರ್ಡ್ ಬರೆಸಿ ತೂಗುಹಾಕಿದ್ದಳು. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಕೂತು, ಬಿಸಿಲು ಅಂತ ಅದೇ ಬೋರ್ಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

ಈ ವರ್ಷ ಮೇಳ ನಡೆಸುವ ಸಂಘದವರು ಅವಳಿಗೆ ಕೊಟ್ಟದ್ದು ವೇದಿಕೆಯ ಪಕ್ಕದ ಮಳಿಗೆ, ದೊಡ್ಡ ಧ್ವನಿವರ್ಧಕದ ಮಗ್ಗುಲಿಗೆ. ಡೋಲು ಬಾರಿಸಿದಾಗಲೆಲ್ಲ ಅವಳು ದಾರಕ್ಕೆ ತೂಗುಹಾಕಿದ್ದ ಸ್ಟೂಲುಗಳು ನಡುಗುತ್ತಿದ್ದವು. ಗಿರಾಕಿಯೊಬ್ಬರು "ಇದು ಎಷ್ಟು ವರ್ಷ ಬಾಳುತ್ತೆ" ಎಂದು ಕೇಳಿದರೆ ಅವಳಿಗೆ "ಇಲ್ಲಿ ಎಷ್ಟು ಹೊತ್ತು ಹಾಡ್ತಾರೆ" ಎಂದು ಕೇಳಿಸಿ, "ಸಂಜೆ ಆರರ ತನಕ" ಅಂದಳು. ಗಿರಾಕಿ ಮುಖ ಹುಳ್ಳಗೆ ಮಾಡಿಕೊಂಡು ಹೋದರು.

ಅದು ಸಾಲದೆಂದು ಸಂಘದ ಹೊಸ ನಿಯಮ ಬೇರೆ. ಕುಶಲಕರ್ಮಿಗಳೆಲ್ಲ ಜನರೆದುರೇ ಕೂತು ಕೆಲಸ ಮಾಡಿ ತೋರಿಸಬೇಕಂತೆ. ಅಕ್ಕ ಬೆತ್ತದ ಸೀಳುಗಳನ್ನು ನೆನೆಹಾಕಲು ಅಗಲವಾದ ಒಂದು ಟಬ್ಬಿನಲ್ಲಿ ನೀರು ತುಂಬಿ ಇಟ್ಟಿದ್ದಳು. ಎಳೆ ಬಿಗಿಯುತ್ತ, ತೂತಿಗೆ ಮರದ ಬೆಣೆ ಒತ್ತುತ್ತ, ತಲೆ ಎತ್ತಿ ನೋಡಿದರೆ ಒಬ್ಬ ಮಹಾನುಭಾವ ಐಸ್‌ಕ್ರೀಮ್ ಅಂಟಿದ ಕೈಯನ್ನು ಟಬ್ಬಿಗೆ ಅದ್ದಿ ತೊಳೆದುಕೊಳ್ಳುತ್ತಿದ್ದಾನೆ.

"ಅದು ಕೈ ತೊಳೆಯೋ ನೀರಲ್ಲ ಸ್ವಾಮಿ," ಅಂದಳು.

"ಪರವಾಗಿಲ್ಲ ಅಕ್ಕ, ಕ್ಲೀನಾಗೇ ಇದೆ," ಅಂದ ಅವನು.

ಮೈ ಪರಚಿಕೊಳ್ಳುವಂತಾಯಿತು. ನೀರು ಬದಲಿಸಲು ಬಕೆಟ್ ಹಿಡಿದು ಮೈದಾನದ ಆ ತುದಿಯ ನಲ್ಲಿಗೆ ಹೋದಳು. ಅಲ್ಲಿ ಸಾಲು. ತನ್ನ ಸರದಿ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆಯಿತು. ತುಂಬಿದ ಬಕೆಟ್ ಹೊತ್ತು ವಾಪಸ್ ಬಂದರೆ ಮಳಿಗೆಯ ಎದುರಿಗಿದ್ದ ಕುರ್ಚಿ ಮಾಯ.

ಅದು ಬರೀ ಕುರ್ಚಿಯಲ್ಲ, ಟೈಲರ್‌ನ ಕುರ್ಚಿ. ದಿನಕ್ಕೆ ಹತ್ತು ಗಂಟೆ ಮಿಷನ್ ಮುಂದೆ ಕೂತು ಬೆನ್ನು ಬಗ್ಗಿಹೋಗಿದ್ದ ಆ ಮನುಷ್ಯ ಎಂಟು ತಿಂಗಳಿಂದ ಕಾಯುತ್ತಿದ್ದ. ಅವನ ಮಿಷನ್ನಿನ ಎತ್ತರ ಅಳೆದು, ಬೆನ್ನಿಗೆ ಒರಗು ಬರುವಂತೆ ಚೌಕಟ್ಟು ಬಾಗಿಸಿ, ಒಂಬತ್ತು ದಿನ ಕೂತು ಅಕ್ಕ ಅದನ್ನು ಹೆಣೆದಿದ್ದಳು. ನಾಲ್ಕು ಗಂಟೆಗೆ ಮೇಳಕ್ಕೇ ಬಂದು ಒಯ್ಯುತ್ತೇನೆಂದಿದ್ದ. ಈಗ ಮೂರೂವರೆ.

"ಕುರ್ಚಿ ಎಲ್ಲಿ?" ಎಂದು ಗಂಡನನ್ನು ಕೇಳಿದಳು.

"ವೇದಿಕೆ ಮೇಲಿದೆ," ಅಂದ ಡ್ರೈವರ್, ಏನೋ ಪುಣ್ಯದ ಕೆಲಸ ಮಾಡಿದವನಂತೆ. "ಹಾಡೋ ಅಜ್ಜಿಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟಿದ್ರಂತೆ. ಅದು ಕಿರ್ ಕಿರ್ ಅಂತ ಮೈಕಲ್ಲೆಲ್ಲ ಕೇಳ್ತಿತ್ತು. ಸಂಘದ ಕಾರ್ಯದರ್ಶಿ ಬಂದು ಕೇಳಿದ್ರು. ಇಲ್ಲ ಅನ್ನೋಕಾಗುತ್ತಾ?"

"ಆಗುತ್ತೆ. ಎರಡಕ್ಷರದ ಮಾತು. ನಾನು ಮದುವೆ ಆದಾಗಿಂದ ನಿಮಗೆ ಅದನ್ನೇ ಕಲಿಸ್ತಿದ್ದೀನಿ."

ಬಕೆಟ್ಟನ್ನು ಅಲ್ಲೇ ಇಟ್ಟು ವೇದಿಕೆಯ ಹಿಂಬದಿಗೆ ನಡೆದಳು. ಎಪ್ಪತ್ತು ದಾಟಿದ ಹಾಡುಗಾರ್ತಿ ಅಜ್ಜಿ ಟೈಲರ್‌ನ ಕುರ್ಚಿಯಲ್ಲಿ ಬೆನ್ನು ಒರಗಿಸಿ, ಕಣ್ಣು ಮುಚ್ಚಿ, ಯಾರದೋ ಮನೆಯ ಏಳು ಜನ ಸೊಸೆಯಂದಿರ ಕಥೆಯನ್ನು ಹಾಡುತ್ತಿದ್ದಳು. ಮೆಟ್ಟಿಲ ಬಳಿ ಮುಂದಿನ ತಂಡದ ಡೋಲಿನವನು ತನ್ನ ಸರದಿಗೆ ಕಾಯುತ್ತ ಕೂತಿದ್ದ.

"ಈ ಹಾಡಲ್ಲಿ ಎಷ್ಟು ನುಡಿ ಇದೆ?" ಎಂದು ಅಕ್ಕ ಅವನನ್ನು ಕೇಳಿದಳು.

"ಅರವತ್ತೆರಡು."

"ಈಗ ಎಷ್ಟನೇದು?"

"ಹತ್ತೊಂಬತ್ತು," ಅಂದ ಅವನು, ಅವಳಿಗಿಂತ ಹೆಚ್ಚು ನೊಂದವನಂತೆ.

ಅಕ್ಕ ಕೈ ಕಟ್ಟಿ ನಿಂತಳು. ಎರಡನೆಯ ಸೊಸೆ ನೀರಿಗೆ ಹೋದಳು. ಮೂರನೆಯವಳು ಅತ್ತೆಯ ಮೇಲೆ ದೂರು ಹೇಳಿದಳು. ನಾಲ್ಕು ಗಂಟೆಗೆ ಸರಿಯಾಗಿ ಟೈಲರ್ ಬಂದ. ಡ್ರೈವರ್ ಅವನಿಗೂ ವೇದಿಕೆಯ ದಾರಿ ತೋರಿಸಿ ಕಳಿಸಿದ್ದ. ಅವನು ತನ್ನ ಕುರ್ಚಿಯಲ್ಲಿ ಕೂತ ಅಜ್ಜಿಯನ್ನು ನೋಡಿದ, ಅಕ್ಕನನ್ನು ನೋಡಿದ.

"ಪಾಪ, ಹಾಡಲಿ ಬಿಡಿ. ಐದೂವರೆಗೆ ನನಗೆ ಕೊನೇ ಬಸ್ಸು, ಅಷ್ಟೇ," ಅಂದ.

ಬೈದಿದ್ದರೆ ಅಕ್ಕ ಸಹಿಸಿಕೊಳ್ಳುತ್ತಿದ್ದಳೇನೋ. ಅವನ ಆ ಮೆತ್ತಗಿನ ಮಾತು ಕೇಳಿ ಅವಳ ತಾಳ್ಮೆ ಕಿತ್ತುಹೋಯಿತು. ಮೂವತ್ತೊಂದನೆಯ ನುಡಿ ಮುಗಿಸಿ ಅಜ್ಜಿ ನೀರು ಕುಡಿಯಲು ಲೋಟ ಎತ್ತಿದ್ದೇ ತಡ, ಅಕ್ಕ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಮೈದಾನದ ತುಂಬ ಇದ್ದ ಜನ ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು.

"ಅಜ್ಜಿ, ಸ್ವಲ್ಪ ಏಳಬೇಕು. ಈ ಕುರ್ಚಿ ಮಾರಾಟ ಆಗಿದೆ," ಅಂದಳು. ಮೈಕು ಆ ಮಾತನ್ನು ಮೈದಾನದ ಮೂಲೆಮೂಲೆಗೂ ಮುಟ್ಟಿಸಿತು.

"ಇನ್ನೂ ಮೂವತ್ತೊಂದು ನುಡಿ ಇದೆಯಲ್ಲ ಮಗಳೇ."

"ತಗೊಂಡವರು ಕಾಯ್ತಿದ್ದಾರೆ."

"ಅವರೂ ಕೇಳಲಿ."

ಜನ ನಕ್ಕರು. ಅಕ್ಕನ ಕಿವಿ ಬಿಸಿಯಾದವು. "ಅವರಿಗೆ ಬಸ್ಸಿದೆ ಅಜ್ಜಿ."

ಅಜ್ಜಿ ಅವಳನ್ನು ಒಂದು ಕ್ಷಣ ನೋಡಿದಳು. "ಸರಿ ಹಾಗಾದ್ರೆ. ನಿಂತೇ ಹಾಡ್ತೀನಿ," ಎಂದು ಸೊಂಟ ಹಿಡಿದುಕೊಂಡು ಎದ್ದಳು. ಮೈಕಿನ ಕಂಬವನ್ನು ಒಂದು ಕೈಯಲ್ಲಿ ಹಿಡಿದು ಮೂವತ್ತೆರಡನೆಯ ನುಡಿಗೆ ದನಿ ಎತ್ತಿದಳು. ಚಪ್ಪಾಳೆ ನಿಂತಿತ್ತು. ಎಲ್ಲರ ಕಣ್ಣೂ ಅಕ್ಕನ ಮೇಲೆ, ಮುದುಕಿಯ ಕುರ್ಚಿ ಕಿತ್ತುಕೊಳ್ಳಲು ಬಂದವಳ ಮೇಲೆ.

ನೀರಲ್ಲಿ ಕೈ ತೊಳೆದವನು, ಕುರ್ಚಿ ಕೇಳಿದವನು, ಕೊಟ್ಟವನು, ಹೀಗೆ ತಪ್ಪು ಮಾಡಿದವರು ಮೂರು ಜನ, ಕೆಟ್ಟವಳಾದದ್ದು ತಾನು. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಕುರ್ಚಿಯನ್ನು ಅಜ್ಜಿಯ ಹಿಂದೆ ಮೊದಲಿದ್ದ ಜಾಗಕ್ಕೇ ಸರಿಸಿ, ಅವಳ ಭುಜ ಹಿಡಿದು ಕೂರಿಸಿದಳು. ಆಮೇಲೆ ಮೈಕಿನ ಕಡೆ ಬಗ್ಗಿದಳು.

"ಒಂದು ಮಾತು. ಇದು ಮೇಳದ ಕುರ್ಚಿ ಅಲ್ಲ. ಒಂಬತ್ತು ದಿನ ಕೂತು ನಾನು ಹೆಣೆದದ್ದು. ನನ್ನನ್ನ ಕೇಳದೆ ತಂದಿದ್ದಾರೆ. ಹನ್ನೊಂದು ವರ್ಷದಿಂದ ನೀವೆಲ್ಲ ನನ್ನ ಮಳಿಗೇಲಿ ಕೂತು ಹಾಡು ಕೇಳ್ತಿದ್ದೀರಿ. ಯಾವುದರ ಮೇಲೆ ಕೂತಿದ್ದೀವಿ ಅಂತ ಒಂದು ಸಲ ಎದ್ದು ನೋಡಿ, ಸಾಕು."

ಮೆಟ್ಟಿಲು ಇಳಿದು ಬಂದಳು. ಕೆಳಗೆ ಕಾರ್ಯದರ್ಶಿ ಕಾದು ನಿಂತಿದ್ದ.

"ವೇದಿಕೆ ಮೇಲೆ ಹಾಗೆಲ್ಲ ಮಾತಾಡಬಾರದಿತ್ತು ಅಕ್ಕ."

"ಕೇಳದೆ ತಗೊಂಡು ಹೋಗಬಾರದಿತ್ತು."

"ನಿಮ್ಮ ಯಜಮಾನ್ರನ್ನ ಕೇಳಿದ್ವಲ್ಲ."

"ಹೆಣೆದದ್ದು ಅವರಾ?"

ಕಾರ್ಯದರ್ಶಿ ಕೊರಳಿಗೆ ಹಾಕಿಕೊಂಡಿದ್ದ ಬಿಲ್ಲೆಯನ್ನು ತಿರುಗಿಸಿ ನೋಡಿಕೊಂಡ.

ಅಕ್ಕನ ಮಾತಿಗೆ ಫಲ ಸಿಕ್ಕಿತು, ಆದರೆ ಅವಳು ಬಯಸಿದ ಹಾಗಲ್ಲ. ಜನ ಮಳಿಗೆಗೆ ಬಂದರು. ಒಬ್ಬರೂ ಕೂರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಸೊಂಟ ಬಗ್ಗಿಸಿ, ಹೆಣಿಗೆಯ ತೂತುಗಳೊಳಗೆ ಮೂಗು ತೂರಿಸಿ ನೋಡಿದರು. "ಒಂದೊಂದು ತೂತಿಗೂ ಎಂಟು ಮೂಲೆ ಇದೆ ನೋಡಿ" ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಕೂತು ನೋಡಿ ಅಂದರೂ "ಅಯ್ಯೋ ಬೇಡ ಬೇಡ" ಎಂದು ಹಿಂದೆ ಸರಿದರು. ಕೂತು ನೋಡದೆ ಕುರ್ಚಿ ಕೊಳ್ಳುವವರು ಯಾರು? ಅಕ್ಕ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಐದಕ್ಕೆ ಹತ್ತು ನಿಮಿಷ ಇರುವಾಗ ಏಳನೆಯ ಸೊಸೆಯ ಕಥೆ ಮುಗಿಯಿತು. ಟೈಲರ್ ತನ್ನ ಕುರ್ಚಿಯನ್ನು ತಾನೇ ಹೊತ್ತು ತಂದ. ಅಕ್ಕ ಅದರ ಹೆಣಿಗೆ ತಟ್ಟಿ ನೋಡಿ, ಕಾಲುಗಳ ಧೂಳು ಒರೆಸಿ, ಹಗ್ಗ ಬಿಗಿದು ಕೊಟ್ಟಳು. ಅವನು ಬಸ್ಸಿಗೆ ಓಡಿದ. ಅವನ ಹಿಂದೆಯೇ ಬಂದು ನಿಂತಿದ್ದಳು ಅಜ್ಜಿ.

"ಮೂವತ್ತು ವರ್ಷದಲ್ಲಿ ಸೊಂಟ ನೋಯದೆ ಒಂದು ಹಾಡು ಮುಗಿಸಿದ್ದು ಇವತ್ತೇ. ನನಗೂ ಒಂದು ಮಾಡಿಕೊಡು," ಅಂದಳು. "ಅದಕ್ಕಿಂತ ಎರಡು ಬೆರಳು ತಗ್ಗಿರಲಿ. ಕೈ ಇರಬಾರದು, ತಾಳ ಹಾಕೋಕೆ ಅಡ್ಡ. ಭಾರ ಇರಬಾರದು, ನಾನೇ ಎತ್ತಬೇಕು. ಕಿರ್ ಅಂತೂ ಅನ್ನಲೇಬಾರದು."

ಕ್ಷಮೆ ಕೇಳುವುದೋ ಬೇಡವೋ ಎಂದು ಯೋಚಿಸುತ್ತಿದ್ದ ಅಕ್ಕ ಆ ಯೋಚನೆ ಬಿಟ್ಟು, ಒಂದು ಬೆತ್ತದ ಸೀಳು ತೆಗೆದುಕೊಂಡಳು. ನೆಲದ ಮೇಲೆ ಕೂತು ಅಜ್ಜಿಯ ಹಿಮ್ಮಡಿಯಿಂದ ಮಂಡಿಯ ಮಡಿಕೆಯವರೆಗೆ ಅಳೆದಳು. ಅಲ್ಲಾಡಬೇಡಿ ಅಂದರೆ ಅಜ್ಜಿ ಅಲ್ಲಾಡಿದಳು. ಮೂರು ಸಲ ಅಳೆಯಬೇಕಾಯಿತು.

ಆ ಕುರ್ಚಿ ಐದು ತಿಂಗಳು ತಿಂದಿತು. ಮೊದಲ ಸಲ ಮನೆಗೆ ಬಂದು ಕೂತು ನೋಡಿ ಅಜ್ಜಿ "ಎತ್ತರ" ಅಂದಳು. ಅಕ್ಕ ಕಾಲು ಕೊಯ್ದಳು. ಎರಡನೆಯ ಸಲ "ಈಗ ತಗ್ಗು" ಅಂದಳು. ಅಕ್ಕ ಹಲ್ಲು ಕಚ್ಚಿಕೊಂಡು ಬೇರೆ ಕಾಲು ಮಾಡಿಸಿದಳು. ಅಳತೆ ತಪ್ಪಿಲ್ಲ, ಚಪ್ಪಲಿ ಬದಲಾಯಿಸಿ ಬಂದಿದ್ದೀರಿ ಎಂದು ವಾದಿಸಿದಳು. ಅಜ್ಜಿ ಒಪ್ಪಲಿಲ್ಲ. ಇಂಥ ಗಿರಾಕಿ ಶತ್ರುವಿಗೂ ಬೇಡ ಎಂದು ಅಕ್ಕ ಗಂಡನೆದುರು ವಾರಕ್ಕೆ ನಾಲ್ಕು ಸಲವಾದರೂ ಅಂದಿರಬಹುದು. ಆದರೂ ಹೆಣಿಗೆ ಡಬ್ ಅಂದಾಗ, ಯಾರೂ ಕೇಳದಿದ್ದರೂ, ಪೂರ್ತಿ ಬಿಚ್ಚಿ ಮತ್ತೆ ಹೆಣೆದಳು.

ಕೊನೆಗೆ ಒಂದು ಬೆಳಿಗ್ಗೆ ಅದನ್ನು ತಾನೇ ಒಯ್ದು ಕೊಟ್ಟು ಕೈತೊಳೆದುಕೊಳ್ಳೋಣವೆಂದು ಬಸ್ ಹತ್ತಿದಳು. ಸೀಟು ಖಾಲಿ ಇರಲಿಲ್ಲ. ನಡುದಾರಿಯಲ್ಲಿ ಕುರ್ಚಿ ಇಟ್ಟು ಅದರ ಮೇಲೇ ಕೂತಳು. "ಇದಕ್ಕೂ ಟಿಕೆಟ್ ಆಗುತ್ತೆ" ಅಂದ ಕಂಡಕ್ಟರ್. "ಸೀಟು ನಾನೇ ತಂದಿದ್ದೀನಿ, ನೀವೇ ಅರ್ಧ ದುಡ್ಡು ಬಿಡಬೇಕು" ಎಂದು ಇಳಿಯುವ ನಿಲ್ದಾಣದವರೆಗೂ ಜಗಳ ಆಡಿದಳು.

ಅಜ್ಜಿಯ ಮನೆ ಮೂರನೇ ಮಹಡಿ. ಒಂದೇ ಕೋಣೆ. ಮಂಚದ ಮೇಲೆ ಮಡಿಸದ ಬಟ್ಟೆಯ ರಾಶಿ, ಕಿಟಕಿಯ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ. ಅಜ್ಜಿ ಹೊಸ ಕುರ್ಚಿಯನ್ನು ತಾನೇ ಎತ್ತಿ ಬೆಳಕಿಗೆ ಇಟ್ಟಳು, ಕೂತಳು. ಹಿಂದೆ ಒರಗಿದಳು, ಮುಂದೆ ಬಾಗಿದಳು, ತೊಡೆಯ ಮೇಲೆ ತಾಳ ಹಾಕಿದಳು. ಅಕ್ಕ ಬಾಗಿಲಲ್ಲೇ ನಿಂತು ಕಾದಳು. ಈ ಸಲ ಏನು ಹೇಳುತ್ತಾಳೋ, ಮತ್ತೆ ತಪ್ಪು ಹುಡುಕಿದರೆ ಕುರ್ಚಿಯನ್ನು ಇಲ್ಲೇ ಬಿಟ್ಟು ಇಳಿದುಹೋಗುವುದು ಎಂದು ನಿಶ್ಚಯಿಸಿದ್ದಳು.

"ಸರಿಯಾಗಿದೆ," ಅಂದಳು ಅಜ್ಜಿ.

ಸರಿಯಾಗಿದೆ ಎನ್ನುವ ಮಾತಿಗೆ ಅಕ್ಕ ಸಿದ್ಧಳಾಗಿರಲಿಲ್ಲ. "ಇನ್ನೊಂದು ಸಲ ನೋಡಿ. ಆಮೇಲೆ ಎತ್ತರ, ತಗ್ಗು ಅಂದ್ರೆ ನಾನು ಬರಲ್ಲ."

"ನೋಡಿದೆ ಕಣಮ್ಮ. ಸರಿಯಾಗಿದೆ. ಬಾ, ಕೂತ್ಕೋ. ಈ ಬಟ್ಟೆ ಒಬ್ಬಳಿಗೇ ಮಡಿಸೋಕೆ ಆಗಲ್ಲ."

ಅಕ್ಕ ಮಂಚದ ಅಂಚಿಗೆ ಕೂತಳು. ಅಜ್ಜಿ ಹಾಸುಬಟ್ಟೆಯ ಎರಡು ತುದಿ ಅವಳ ಕೈಗೆ ಕೊಟ್ಟಳು. ಇಬ್ಬರೂ ಎಳೆದು, ಕೊಡವಿ, ಮಡಿಸತೊಡಗಿದರು. ಹಾಗಲ್ಲ, ಉದ್ದಕ್ಕೆ ಮಡಿಸಬೇಕು ಎಂದಳು ಅಜ್ಜಿ. ಅಕ್ಕ ನಿಟ್ಟುಸಿರು ಬಿಟ್ಟು, ಬಿಚ್ಚಿ, ಉದ್ದಕ್ಕೆ ಮಡಿಸಿದಳು.