ಕೊನೆಯ ನುಡಿಗೆ ನಾಲ್ಕು ಊರು

ಸಾವಕಾರರಿಗೆ ಹಾಡಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೊನೆಗೆ ಅವರನ್ನು ಕೊಂದದ್ದು ಇದೇ. ಕೊಂದದ್ದು ಎಂದರೆ ಹೆಚ್ಚಾಯಿತು. ಅವರು ಇನ್ನೂ ಇದ್ದಾರೆ, ಮುದ್ದೇಬಿಹಾಳದಲ್ಲಿ, ಬಾಡಿಗೆಯ ಒಂದು ಕೋಣೆಯಲ್ಲಿ.

ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಡಬ್ಬಿ ಅಂಗಡಿಯಿಂದ ಶುರು ಮಾಡಿದವರು. ನಾನು ಸೇರುವ ಹೊತ್ತಿಗೆ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ ಅವರ ಕಂಪನಿಯಾಗಿತ್ತು. ಒಂದರಲ್ಲಿ ಗೋಡೆಗೆ ಹಾಸಿಗೆ ಬಡಿದು ರೆಕಾರ್ಡಿಂಗ್, ಇನ್ನೊಂದರಲ್ಲಿ ಅವರು. ಹಾಡುವವರು ಮೆಟ್ಟಿಲ ಮೇಲೆ. ನಾನು ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಹಾರ್ಮೋನಿಯಂ ಬಾರಿಸಲು ಹೋದವನು. ಆಗಲೇ ಮದುವೆಯಾಗಿತ್ತು, ಮಗಳು ಸಾಲಿಗೆ ಹೋಗುತ್ತಿದ್ದಳು. ನನಗೆ ಇನ್ನೊಂದು ವಿದ್ಯೆಯೂ ಇತ್ತು. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಅದೇ ದನಿಯಲ್ಲಿ ಹಾಡುತ್ತಿದ್ದೆ. ಸಾವಕಾರರು ನನ್ನನ್ನು ಇಟ್ಟುಕೊಂಡದ್ದು ಅದಕ್ಕೇ ಎಂದು ಈಗ ಅನ್ನಿಸುತ್ತದೆ. ಆಗ ಹಾರ್ಮೋನಿಯಂಗೆ ಎಂದುಕೊಂಡಿದ್ದೆ.

ಹಾಡು ಕೇಳುವಾಗ ಅವರು ಹಾಡುವವನ ಮುಖ ನೋಡುತ್ತಿರಲಿಲ್ಲ. ಕಿಟಕಿಯಿಂದ ಕೆಳಗೆ ಗೊಬ್ಬರದ ಚೀಲ ಇಳಿಸುವ ಹಮಾಲರ ಕಾಲು ನೋಡುತ್ತಿದ್ದರು. ಕಾಲು ತಾಳ ಹಿಡಿದರೆ ಹಾಡು ಪಾಸು. ಹಿಡಿಯದಿದ್ದರೆ ನಡುವೆಯೇ ಚಪ್ಪಾಳೆ ತಟ್ಟಿ ನಿಲ್ಲಿಸುತ್ತಿದ್ದರು.

"ಸಾಕ್ರಿ ಯಜಮಾನ್ರ. ಮನಿಗೆ ಹೋಗಿ ಎಮ್ಮಿ ಮುಂದ ಹಾಡ್ರಿ, ಹಾಲರ ಹೆಚ್ಚ ಕೊಟ್ಟೀತು."

ಎಲ್ಲರೂ ನಗುತ್ತಿದ್ದರು. ನಾನೂ. ಮೆಟ್ಟಿಲ ಮೇಲೆ ಕೂತು ಸರದಿಗೆ ಕಾಯುವವರು ಎಲ್ಲರಿಗಿಂತ ಜೋರಾಗಿ.

ಮೊಹರಂ ಹತ್ತಿರ ಬಂದಾಗ, ಆ ಹಬ್ಬದಲ್ಲಿ ಊರೂರಿನ ಮೇಳಗಳು ಹಾಡುವ ರಿವಾಯತ ಪದದ ಕ್ಯಾಸೆಟ್ಟು ಬೇಕಾಯಿತು. ಮೋರಟಗಿಯ ಪಕ್ಕದ ಒಂದು ಸಣ್ಣ ಊರಿನಿಂದ, ಎಲ್ಲರೂ ಕಾಕಾ ಎಂದು ಕರೆಯುವ ಹಾಡುಗಾರರೊಬ್ಬರು ಬಂದರು. ಐವತ್ತು ದಾಟಿದ ಮುಸಲ್ಮಾನ ಒಕ್ಕಲಿಗ. ತೊಗರಿ ಬೆಳೆಯುವುದು, ಪದ ಹಾಡುವುದು, ಎರಡೇ ಗೊತ್ತು. ಪದ ಕಲಿಸಿದ ಗುರು ಅದೇ ಊರಿನ ಹನುಮಂತದೇವರ ಪೂಜಾರಿ, ತೀರಿಕೊಂಡು ಬಹಳ ವರ್ಷವಾಗಿತ್ತು. ಕಾಕಾ ಹಾಡತೊಡಗಿದರು. ಕೆಳಗಿದ್ದ ಹಮಾಲರು ತಾಳ ಹಾಕಲಿಲ್ಲ. ಚೀಲ ಇಳಿಸಿ ನಿಂತುಬಿಟ್ಟರು. ಸಾವಕಾರರು ಮೊದಲ ಸಲ ಹಾಡುವವನ ಕಡೆ ತಿರುಗಿದರು.

ಪದದ ಕೊನೆಯ ನುಡಿಯಲ್ಲಿ ಹಾಡುವವನು ತನ್ನ ಊರನ್ನೂ ಗುರುವನ್ನೂ ಹೆಸರಿಸಿ ಕೈಮುಗಿಯುತ್ತಾನೆ. ಅದಿಲ್ಲದ ಪದ ಯಾರದೂ ಅಲ್ಲ. ಯಾವ ಮೇಳದವನೂ ಅದನ್ನು ಬಿಟ್ಟು ಆಲಾವಿಯ, ಮೊಹರಮ್ಮಿನ ಬೆಂಕಿಕುಣಿಯ, ಮುಂದಿನಿಂದ ಏಳುವುದಿಲ್ಲ. ಸಾವಕಾರರಿಗೆ ಅಲ್ಲೇ ತೊಡಕು.

"ಕಾಕಾ, ನಿಮ್ಮೂರಾಗ ಟೇಪ್ ಇದ್ದ ಮನಿ ಎಷ್ಟ್ರಿ? ಕೊನೀ ನುಡಿಯಾಗ ಮೋರಟಗಿ ಅನ್ರಿ. ಆಮ್ಯಾಲ ಇಂಡಿ ಅಂತ ಒಮ್ಮೆ, ತಂಗಡಗಿ ಅಂತ ಒಮ್ಮೆ, ಮನಗೂಳಿ ಅಂತ ಒಮ್ಮೆ. ಆಯಾ ಮೇಳದ ಗುರುವಿನ ಹೆಸರ ನಾ ಬರದ ಕೊಡ್ತೇನಿ. ನಾಕ ತಾಲೂಕಿಗೆ ನಾಕ ಕ್ಯಾಸೆಟ್."

"ಅಂಗ ಹಾಡಂಗಿಲ್ರಿ ಸಾವಕಾರ್ರ. ಹೆಂಡ್ತಿನ ಬಿಡು ಅನ್ರಿ, ಇಚಾರ ಮಾಡ್ತೇನಿ. ಗುರುವಿನ ಬಿಡಾಕ ಬರಂಗಿಲ್ಲ."

"ಬ್ಯಾಡ್ರಿ ಬಿಡ್ರಿ. ನಿಮ್ಮದ ಇಟ್ಟ ಹಾಡ್ರಿ."

ಕಾಕಾ ಹಾಡಿ, ಚಹಾ ಕುಡಿದು, ಬಸ್ಸು ಹಿಡಿದರು. ಸಾವಕಾರರು ನನ್ನ ಕಡೆ ನೋಡಿದರು. ಏನಾದರೂ ಹೇಳಿದರೇ? ಬೆದರಿಸಿದರು ಎಂದು ಒಮ್ಮೆ ಹೆಂಡತಿಗೆ ಹೇಳಿದ್ದೇನೆ. ಕಾಡಿಸಿ ಒಪ್ಪಿಸಿದರು ಎಂದು ಇನ್ನೊಮ್ಮೆ. ಅವರು ಬರೀ ಹುಬ್ಬು ಏರಿಸಿದ್ದರು ಅನ್ನಿಸುತ್ತದೆ. ಕಾಕಾನ ಕೊನೆಯ ನುಡಿ ಕತ್ತರಿಸಿ, ಅವರದೇ ದನಿಯಲ್ಲಿ ನಾಲ್ಕು ಊರಿಗೆ, ನಾಲ್ಕು ಗುರುಗಳಿಗೆ ಕೈಮುಗಿದು ಹಾಡಿದೆ. ಚೆನ್ನಾಗಿ ಬಂತು. ಆ ಸಂಜೆ ಖುಷಿಯಾಗಿದ್ದೆ. ಇದೊಂದು ಮಾತ್ರ ಸರಿಯಾಗಿ ನೆನಪಿದೆ.

ಕ್ಯಾಸೆಟ್ಟಿನ ಹೊದಿಕೆ ಇಂಡಿಗೆ ಹಳದಿ, ಮೋರಟಗಿ ಇರುವ ಸಿಂದಗಿ ತಾಲೂಕಿಗೆ ಹಸಿರು, ಉಳಿದೆರಡಕ್ಕೆ ಯಾವ ಬಣ್ಣವೋ. ನಾಲ್ಕೂ ಕಡೆ ಜನ ಅದು ತಮ್ಮದೇ ಪದ ಎಂದು ನಂಬಿ ಕೊಂಡರು. ಒಂದು ತಾಲೂಕಿನ ಕ್ಯಾಸೆಟ್ಟು ಇನ್ನೊಂದಕ್ಕೆ ಹೋಗುವ ಕಾಲವಾಗಿರಲಿಲ್ಲ ಅದು. ಸಾವಕಾರರು ಬಿಳಿ ಜೀಪು ಕೊಂಡರು, ಬಿಳಿ ಬೂಟು ಹಾಕಿದರು. ಜನಪದದ ಸೇವಕ ಎಂದು ಫ್ಲೆಕ್ಸಿನಲ್ಲಿ ನಗತೊಡಗಿದರು.

ಆದರೆ ಹಸಿರು ಕ್ಯಾಸೆಟ್ಟು ಮೋರಟಗಿಯಿಂದ ಕಾಕಾನ ಊರಿಗೆ ಹೋಗಲು ತಾಲೂಕು ದಾಟಬೇಕಿರಲಿಲ್ಲ. ಮೋರಟಗಿಯ ಮೇಳದವರು ಕಾಕಾನ ಊರಿನವರ ಮುಂದೆ ಟೇಪು ಹಚ್ಚಿದರು. "ನಿಮ್ಮ ಹಾಡಿಕ್ಯಾ ನಮ್ಮ ಗುರುವಿನ ಕಾಲಿಗೆ ಬಿದ್ದಾನ, ಕೇಳ್ರಲೇ." ಕಾಕಾನ ಮೇಳ ಕಾಕಾನನ್ನೇ ಹೊರಗೆ ಹಾಕಿತು. ಆ ಮೊಹರಮ್ಮಿನಲ್ಲಿ ಅವರು ತಮ್ಮ ಬಾಗಿಲಲ್ಲಿ ಕೂತು ಬೇರೆಯವರು ಹಾಡುವುದನ್ನು ಕೇಳಿದರಂತೆ.

ಅವರು ಸಿಂದಗಿಗೆ ಬಂದು ಮೆಟ್ಟಿಲ ಮೇಲೆ ಮೂರು ದಿನ ಕೂತರು. ಬೈಯಲಿಲ್ಲ. "ನಾ ಹಾಡಿದ್ದ ಒಂದ ಕೊಡ್ರಿ ಸಾವಕಾರ್ರ. ಮ್ಯಾಳದವ್ರಿಗೆ ಕೇಳಸ್ತೇನಿ, ಅಷ್ಟ."

"ಮುಂದಿನ ವಾರ ಬರ್ರಿ," ಎಂದರು ಸಾವಕಾರರು. ಮೂರು ದಿನವೂ ಅದೇ ಮಾತು. ನಾನು ಕಾಕಾನ ಕಾಲು ದಾಟಿಕೊಂಡು ಮೇಲೆ ಹೋಗುತ್ತಿದ್ದೆ, ಇಳಿಯುತ್ತಿದ್ದೆ. ನಾಲ್ಕನೆಯ ದಿನ ಅವರು ಬರಲಿಲ್ಲ.

ಕ್ಯಾಸೆಟ್ಟು ಸತ್ತಿತು. ಸಿಡಿ ಬಂತು, ಅದೂ ಸತ್ತಿತು. ಸಾವಕಾರರು ಸಾಯಲಿಲ್ಲ, ಮೊಬೈಲಿನಲ್ಲಿ ಚಾನೆಲ್ ಮಾಡಿದರು. "ಹಳೇ ಮಾಲೆಲ್ಲಾ ಏರಿಸಲೇ ಮಾಸ್ತರ," ಎಂದರು. ಒಂದು ಬೆಳಿಗ್ಗೆ ಕೂತು ಎಲ್ಲ ಏರಿಸಿದೆ. ಆ ಪದದ ನಾಲ್ಕೂ ರೂಪ, ಒಂದರ ಕೆಳಗೆ ಒಂದು. ಎಲ್ಲ ಎಂದಿದ್ದರಿಂದ ಎಲ್ಲ ಏರಿಸಿದೆನೋ, ಗಮನವಿಲ್ಲದೆ ಏರಿಸಿದೆನೋ, ಅವರನ್ನು ಹಿಡಿದುಕೊಡಲೆಂದೇ ಏರಿಸಿದೆನೋ. ಮೂರನೆಯದು ನನಗೆ ಹೆಚ್ಚು ಮರ್ಯಾದೆ ತರುತ್ತದೆ. ಹಾಗಾಗಿ ಅದನ್ನು ನಂಬುವುದಿಲ್ಲ.

ಯಾರೋ ನಾಲ್ಕು ಕೊನೆಯ ನುಡಿಗಳನ್ನು ಜೋಡಿಸಿ ಫೋನಿಂದ ಫೋನಿಗೆ ಬಿಟ್ಟರು. ಇಂಡಿಯ ಚಹಾದಂಗಡಿಗಳಲ್ಲಿ ಬಿದ್ದುಬಿದ್ದು ನಕ್ಕರು. ಅದೇ ತಿಂಗಳು ಬಸವನ ಬಾಗೇವಾಡಿಯ ಸಾಲಿಯ ಬಯಲಿನಲ್ಲಿ ಪದಗಳ ಸ್ಪರ್ಧೆ. ಸಾವಕಾರರು ಮುಖ್ಯ ಅತಿಥಿ, ನಾನು ಹಿಂದೆ ಹಾರ್ಮೋನಿಯಂ ಹಿಡಿದು ಕೂತಿದ್ದೆ. ಅವರು ಮೈಕಿನ ಮುಂದೆ ನಿಂತ ಕೂಡಲೇ ಒಬ್ಬ ಎದ್ದು ನಿಂತ.

"ಸಾವಕಾರ್ರ, ನಿಮ್ಮೂರ ಯಾವದ್ರಿ? ನಾಕರಾಗ ಒಂದ ಹೇಳ್ರಿ."

"ಹೇಳೂದ ಬ್ಯಾಡ, ಹಾಡಿ ತೋರಸ್ರಿ. ಕೊನೀ ನುಡಿ ಹಾಡ್ರಿ."

"ಮೊದಲ ಮನಗೂಳಿದ ಆಗಲಿ!"

ಸಾವಕಾರರು ನಕ್ಕು ತಪ್ಪಿಸಿಕೊಳ್ಳಲು ನೋಡಿದರು. ನಾಲ್ಕು ಮಂದಿ ವೇದಿಕೆ ಹತ್ತಿ ಮೆಟ್ಟಿಲಿಗೆ ಅಡ್ಡ ನಿಂತರು. ಹೊಡೆಯಲಿಲ್ಲ, ಮೈಕನ್ನು ಅವರ ಬಾಯಿಗೆ ಹಿಡಿದರು ಅಷ್ಟೇ. ಅವರು ತಿರುಗಿ ನನ್ನನ್ನು ನೋಡಿದರು. ನಾನು ಶ್ರುತಿ ಕೊಟ್ಟೆ. ಅವರ ದನಿಗೆ ನಿಲುಕದ ಹಾಗೆ ಎರಡು ಮನೆ ಮೇಲೆ ಕೊಟ್ಟೆ. ಇದು ಕೈತಪ್ಪಿ ಆದದ್ದಲ್ಲ.

ಅವರ ದನಿ ಒಡೆಯಿತು. ಜನ "ಮ್ಯಾಲ, ಮ್ಯಾಲ" ಎಂದು ಕೂಗಿದರು. ನಾಲ್ಕು ಊರಿನ ಹೆಸರಲ್ಲೂ ಹಾಡಿಸಿದರು. ಮೂರನೆಯದಕ್ಕೆ ಪಂಚೆಯ ಅಂಚು ಒದ್ದೆಯಾಯಿತು. ಬೆವರು ಎಂದು ಅವರು ಆಮೇಲೆ ಹೇಳಿದರು. ನಾಲ್ಕನೆಯದು ಮುಗಿದಾಗ ಒಬ್ಬ ಅವರ ಹಾಗೆಯೇ ಚಪ್ಪಾಳೆ ತಟ್ಟಿದ. "ಸಾಕ್ರಿ. ಎಮ್ಮಿ ಮುಂದ ಹಾಡ್ರಿ." ಹಿಂದೊಮ್ಮೆ ಮೆಟ್ಟಿಲ ಮೇಲೆ ಕಾದವನೇ ಇರಬೇಕು.

ಅದು ಕೂಡ ಫೋನುಗಳಲ್ಲಿ ಓಡಿತು. ಆಮೇಲೆ ಒಂದು ಮೇಳವೂ ಅವರ ಮೆಟ್ಟಿಲು ಹತ್ತಲಿಲ್ಲ. ದೂರಿನ ಮೇಲೆ ದೂರು ಬಂದು ಚಾನೆಲ್ ಮುಚ್ಚಿತು. ಜೀಪು ಹೋಯಿತು.

ಆದರೆ ನಾಲ್ಕರಲ್ಲೂ ಇದ್ದ ದನಿ ಕಾಕಾನದೆಂದೇ ಎಲ್ಲರ ನಂಬಿಕೆ. ಒಂದು ಊರಿಗೆ ಮಾರಿಕೊಂಡವನು ಎಂದಿದ್ದ ಜನ ಈಗ ನಾಲ್ಕು ಊರಿಗೆ ಮಾರಿಕೊಂಡವನು ಎಂದರು. ಹಾಡಿದವನು ನಾನು ಎಂದು ಒಂದು ಮಾತು ಹೇಳಬಹುದಿತ್ತು. ಆಗ ನಾನು ನಾಲ್ಕೂ ತಾಲೂಕಿನ ಮೇಳಗಳಿಗೆ ಹಾರ್ಮೋನಿಯಂ ಬಾರಿಸುತ್ತಿದ್ದೆ. ಹೇಳಲಿಲ್ಲ.

ಹೋದ ವರ್ಷ ಕಾಕಾನ ಮಗಳು ನನ್ನನ್ನು ಹುಡುಕಿಕೊಂಡು ಬಂದಳು. ಕಾಕಾನಿಗೆ ಲಕ್ವಾ ಹೊಡೆದಿತ್ತು. "ಅಬ್ಬಾ ಹಾಡಿದ್ದು ಸಿಕ್ಕರ ಮ್ಯಾಳದಾಗ ಮತ್ತ ಕುಂಡ್ರಸ್ತೇವಿ ಅಂದಾರ್ರಿ ಹಿರ್ಯಾರು. ಸಾಯೂಕಿಂತ ಮೊದಲ ಅಷ್ಟ ಆಗ್ಲಿ."

ಮುದ್ದೇಬಿಹಾಳಕ್ಕೆ ಹೋದೆ. ಸಾವಕಾರರು ಉಳ್ಳಾಗಡ್ಡಿ ಮಾರುವ ಆಟೋಗಳಿಗೆ ಮೈಕಿನ ಮಾತು ತುಂಬಿಕೊಡುತ್ತಿದ್ದರು. ಬಿಳಿ ಬೂಟು ಬಾಗಿಲ ಬಳಿ ಇತ್ತು, ಒಂದರ ಹಿಮ್ಮಡಿ ಕಿತ್ತಿತ್ತು.

"ಮೂಲದ್ದು ಎಲ್ಲೈತ್ರಿ?"

"ಅದರ ಮ್ಯಾಲ ಕೆಳಗಿನ ಗೊಬ್ಬರದಂಗಡಿ ಜಾಹೀರಾತು ತುಂಬಿದ್ನೆಲ್ಲೋ, ಅದ ವಾರ. ನೀನ ಮಿಶನ್ ಒತ್ತೀದಿ, ಮರತಿ?" ನನ್ನನ್ನೇ ನೋಡಿದರು. "ಇನ್ನೊಂದ ನುಡಿ ಹಾಡಲೇ. ನಾಕ ಹಾಡಾಂವಗ ಐದನೇದ ಭಾರ ಆಕ್ಕೈತೇನ?"

ನಾನೇ ಒತ್ತಿದ್ದೆನೇ? ನೆನಪಿಲ್ಲ. ನೆನಪಿಲ್ಲ ಎನ್ನುವುದು ನನಗೆ ಬಹಳ ಸಲ ಅನುಕೂಲಕ್ಕೆ ಬಂದಿದೆ.

ಹಾಡಿದೆ. ಗುರುವಿನ ಹೆಸರು ಗೊತ್ತಿತ್ತು, ಊರು ಗೊತ್ತಿತ್ತು. ನಡುವಿನ ಒಂದು ಸಾಲು ಹೊಳೆಯಲಿಲ್ಲ, ನಾನೇ ಕಟ್ಟಿ ಸೇರಿಸಿದೆ. ಹಳೆಯ ಟೇಪಿನ ಹಾಗೆ ಕೇಳಲೆಂದು ಸ್ವಲ್ಪ ಗರಗರ ಶಬ್ದ ಬೆರೆಸಿದೆ.

ಮೊಹರಮ್ಮಿಗೆ ಮುಂಚೆ ಒಂದು ಮಧ್ಯಾಹ್ನ ಕಾಕಾನ ಮನೆಯಲ್ಲಿ ಮೇಳದ ಹಿರಿಯರು ಸೇರಿದರು. ಮಗಳು ಮೊಹರಮ್ಮಿನ ಸಿಹಿರೊಟ್ಟಿ ಚೊಂಗೆ ಕೊಟ್ಟಳು. ಫೋನನ್ನು ಸ್ಪೀಕರಿಗೆ ಹಚ್ಚಿದೆ. ಕೊನೆಯ ನುಡಿ ಬಂತು. ಊರು, ಗುರು. ಹಿರಿಯನೊಬ್ಬ ರುಮಾಲು ತೆಗೆದು ಕಣ್ಣೊರೆಸಿಕೊಂಡ.

ಮಂಚದ ಮೇಲಿದ್ದ ಕಾಕಾ ಸೊಟ್ಟ ಬಾಯಿಂದ ಏನೋ ಹೇಳಿದರು. ಮಗಳು ಬಗ್ಗಿದಳು. ಅವರು ಮತ್ತೆ ಹೇಳಿದರು, ಎಲ್ಲರಿಗೂ ಕೇಳಿಸಿತು.

"ಇದು ನಾ ಅಲ್ಲ."

ಎಲ್ಲರೂ ನಕ್ಕರು. "ಅಬ್ಬಾ, ನಿನ್ನ ದನಿ ನಿನಗ ಗುರ್ತ ಹತ್ತವಲ್ದ?" ಎಂದಳು ಮಗಳು, ನಗುತ್ತ, ಅಳುತ್ತ.

"ವಯಸ್ಸಾತ ಬಿಡವ್ವಾ," ಎಂದ ಹಿರಿಯ. ಆಮೇಲೆ ನನ್ನ ಕಡೆ ತಿರುಗಿದ. "ಮಾಸ್ತರ್ರ, ನೀವ ಮುಂದಿದ್ದವ್ರು. ನೀವ ಹೇಳ್ರಿ. ಇದು ಕಾಕಾನ ದನಿ ಹೌದಲ್ಲ?"

ಕಾಕಾ ನನ್ನನ್ನೇ ನೋಡುತ್ತಿದ್ದರು. ಕಣ್ಣಿಗೆ ಲಕ್ವಾ ಹೊಡೆದಿರಲಿಲ್ಲ.

"ಹೌದ್ರಿ," ಎಂದೆ.

ಅವರ ತಲೆಗೆ ಮೇಳದ ರುಮಾಲು ಸುತ್ತಿದರು. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಆನಂದಕ್ಕೆ ಅಳುತ್ತಿದ್ದಾರೆ ಎಂದು ಯಾರೋ ಅಂದರು. ಇನ್ನೊಬ್ಬ, ಮತ್ತೊಮ್ಮೆ ಹಚ್ಚ್ರಿ ಎಂದ. ಹಚ್ಚಿದೆ.