ಗೂಟ ನೋಡದೆ ಗೊಲ್ಲಾಳಮ್ಮ ಹೊಳೆ ದಾಟುವುದಿಲ್ಲ

ಬೆಳಗಿನ ಐದೂವರೆ. ಸುರಪುರ ತಾಲ್ಲೂಕಿನ ಕೃಷ್ಣೆಯ ದಡದಲ್ಲಿ ಗೊಲ್ಲಾಳಮ್ಮ ನೀರಂಚಿಗೆ ಜಾಲಿ ಗೂಟವೊಂದನ್ನು ಬಡಿದು, ಅದನ್ನೇ ದಿಟ್ಟಿಸುತ್ತ ಕೂತಿದ್ದಾರೆ. ಹರಿಗೋಲಿನಲ್ಲಿ ಹಾಲಿನ ಕ್ಯಾನು, ತರಕಾರಿ, ಒಗೆದ ಚಾದರದ ಗಂಟು. ಎಲ್ಲವೂ ಎದುರಿನ ನಡುಗಡ್ಡೆಯ ಖಾಸಗಿ ರೆಸಾರ್ಟಿಗೆ. ಅಲ್ಲಿ ತಂಗುವವರು ಮೋಟಾರು ದೋಣಿಯಲ್ಲಿ ಹೋಗುತ್ತಾರೆ. ಅವರು ಹೊದೆಯುವ ಚಾದರ ಈ ಹರಿಗೋಲಿನಲ್ಲಿ ಹೋಗುತ್ತದೆ.

"ಈ ಹೊಳಿನ ನಂಬಬಾರದ್ರಿ. ಮೊದ್ಲ ಮಳಿ ಬಂದ್ರ ಹೊಳಿ ಬರ್ತಿತ್ತು. ಡ್ಯಾಮು, ಕಾಲುವಿ ಆದ ಮ್ಯಾಲ ಮುಗಿಲು ಬೆಳ್ಳಗಿದ್ರೂ ನೀರು ಏರ್ತದ. ಮ್ಯಾಲ ಗೇಟ್ ಎತ್ಯಾರಂತ ಗೂಟಾನೇ ಹೇಳ್ಬೇಕು."

ಅಂಬಿಗರ ಮನೆತನದ ಈ ಐವತ್ನಾಲ್ಕರ ಹೆಂಗಸು ಹನ್ನೊಂದು ವರ್ಷಗಳಿಂದ ದಿನಕ್ಕೆ ಆರು ಸಲ ಹೊಳೆ ದಾಟುತ್ತಾರೆ. ಎರಡೂ ದಡದಲ್ಲಿ ಅವರ ಗೂಟ ಇರಲೇಬೇಕು. ಹಿಂತಿರುಗುವಾಗಲೆಲ್ಲ ರೆಸಾರ್ಟಿನ ಕಾವಲುಗಾರ ಮೌನಪ್ಪ ಅವರ ಚೀಲ ಬಿಚ್ಚಿ ನೋಡುತ್ತಾನೆ, ಚಮಚ ಗಿಮಚ ಕದ್ದಾರೆಂದು. ಅತಿಥಿಗಳ ಮಣಿಕಟ್ಟಿಗೆ ಕಟ್ಟುವ ಪಟ್ಟಿ ಇಲ್ಲವೆಂದು, ವರದಿಗಾಗಿ ಜೊತೆಗೆ ಬಂದ ನನ್ನನ್ನೂ ಮೆಟ್ಟಿಲಲ್ಲೇ ತಡೆಯುತ್ತಾನೆ. ಇಷ್ಟು ಕಾಯುವಂಥದ್ದು ಒಳಗೇನಿದೆಯೋ ಎಂದು ನನಗೂ ಅನುಮಾನ.

ಕಳೆದ ಶ್ರಾವಣದಲ್ಲಿ ಈ ಮೌನಪ್ಪ ನಡುಗಡ್ಡೆಯ ಗೂಟವನ್ನು ಕಳ್ಳರಿಟ್ಟ ಗುರುತೆಂದು ಕಿತ್ತೆಸೆದಿದ್ದ. ಅದೇ ಬೆಳಿಗ್ಗೆ ಒಂಬತ್ತು ಅತಿಥಿಗಳು ಊರಿಗೆ ಹೊರಡಲು ಮೋಟಾರು ದೋಣಿ ಹತ್ತುತ್ತಿದ್ದರು. ಸಾಮಾನು ಇಳಿಸಿ ಮರಳಿ ಹೊರಟಿದ್ದ ಗೊಲ್ಲಾಳಮ್ಮ ಗೂಟ ಕಾಣದೆ ಹುಟ್ಟನ್ನೇ ಕೆಸರಿಗೆ ನೆಟ್ಟು ಕೂತರು. ನೋಡನೋಡುತ್ತ ನೀರು ಎರಡು ಬೆರಳು ಏರಿತು. ಎದ್ದವರೇ ದೋಣಿಯ ಹಗ್ಗ ಹಿಡಿದರು. ಬಿಡಲೊಲ್ಲರು.

"ಏನ್ ನಾಟಕ ಹಚ್ಚೀದಿ?" ಎಂದು ಮ್ಯಾನೇಜರು ರೇಗಿದ. ನೀರು ಬಿಡುವ ಮುನ್ನೆಚ್ಚರಿಕೆ ಬಂದಿದ್ದ ಅವನ ಫೋನು ಕೋಣೆಯಲ್ಲಿ ಚಾರ್ಜಿಗಿತ್ತು. ಅರ್ಧ ಗಂಟೆಯಲ್ಲಿ ದೋಣಿ ಕಟ್ಟುವ ಕಲ್ಲೇ ಮುಳುಗಿ, ನಡುಹೊಳೆಯ ಬಂಡೆಗಳ ಮೇಲೆ ನೀರು ಮೊರೆಯತೊಡಗಿತು. ಅತಿಥಿಗಳು ತೆಪ್ಪಗೆ ಇಳಿದರು.

ನೀರು ಇಳಿಯುವತನಕ ಎರಡು ದಿನ ಗೊಲ್ಲಾಳಮ್ಮನೂ ಆ ರೆಸಾರ್ಟಿನಲ್ಲೇ ತಂಗಿದರು, ಅಡುಗೆಮನೆಯ ಕಟ್ಟೆಯ ಮೇಲೆ. ಅವರೇ ತಂದಿದ್ದ ಚಾದರಗಳಲ್ಲಿ ಒಂದನ್ನೂ ಯಾರೂ ಹೊದೆಯಲು ಕೊಡಲಿಲ್ಲ. ಕೇಳಿ ನನಗೆ ಮೈ ಉರಿಯುತ್ತದೆ, ಅವರು ನಗುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಮೂರನೆಯ ದಿನ ಹೊರಟಾಗ ಮೌನಪ್ಪ ಮತ್ತೆ ಚೀಲ ಬಿಚ್ಚಿಸಿದ.

ಈಗ ನಡುಗಡ್ಡೆಯಲ್ಲಿ ಗೂಟ ಬಡಿಯುವವನು ಅವನೇ. ಚೀಲ ನೋಡುವುದು ಮಾತ್ರ ನಿಂತಿಲ್ಲ.

"ಒಂದಿನ ನನ್ನ ಚೀಲ ನೋಡ್ಲಾರ್ದ ಬಿಟ್ರ ಸಾಕ್ರಿ, ಮತ್ತೇನೂ ಬ್ಯಾಡ," ಎನ್ನುತ್ತ ಗೊಲ್ಲಾಳಮ್ಮ ಹರಿಗೋಲು ತಳ್ಳುತ್ತಾರೆ. "ಆದ್ರ ಅವ ಬಡ್ದ ಗೂಟ ಅಲ್ಲಾಡ್ಸಿ ನೋಡೋದು ನಾ ಬಿಡಂಗಿಲ್ಲ."