ಅಕ್ಕನ ಕಾಲಿಗೊಂದು ಕ್ಯಾಮೆರಾ

ಕಂಪ್ಲಿಯಲ್ಲಿ ಬೆಳಗಿನ ಬಸ್ಸು ಹತ್ತಿದಾಗ ಕಿಟಕಿಯ ಸೀಟು ಸಿಕ್ಕಿತ್ತು, ಆದರೆ ಹೊರಗೆ ನೋಡುವ ಮನಸ್ಸಿರಲಿಲ್ಲ. ಸಂಡೂರಿನಲ್ಲಿರುವ ನಮ್ಮ ಗೌರಕ್ಕನಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳಿಗಾದ ಗಾಯ ಮಾಯುತ್ತಿರಲಿಲ್ಲ. ಬಳ್ಳಾರಿಯ ಡಾಕ್ಟರು, "ದಿನಾ ಬರೋದು ಬ್ಯಾಡ್ರಿ, ಒಂದು ಫೋಟೋ ಕಳಸ್ರಿ. ಬಣ್ಣ ಬದಲಾದ್ರ ನಾನೇ ಕರೀತೀನಿ" ಎಂದಿದ್ದರು. ಅಕ್ಕನ ಸೊಸೆ ಶಾಂತಾ ಹಳೆಯ ಫೋನಿನಲ್ಲಿ ತೆಗೆದು ಕಳಿಸಿದ್ದು ಮಂಜು ಕವಿದಂತಿತ್ತು. ಏನೂ ತಿಳಿಯುತ್ತಿಲ್ಲವೆಂದು ಉತ್ತರ ಬಂತು. ನೆರೆಯವರ ಫೋನು ಕೇಳಲು ಅಕ್ಕ ಒಪ್ಪಲಿಲ್ಲ. "ನನ್ನ ಕಾಲು ಊರ ಮಂದಿ ಫೋನಿನಾಗ ಯಾಕ ಇರಬೇಕು?" ನನ್ನದೋ ಗುಂಡಿ ಒತ್ತುವ ಫೋನು. ಹಾಗಾಗಿ ಒಳ್ಳೆಯ ಕ್ಯಾಮೆರಾದ ಫೋನು ಕೊಂಡು ಸಂಜೆಯೊಳಗೆ ಸಂಡೂರು ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಿತ್ತು.

ಬುಕ್ಕಸಾಗರದಲ್ಲಿ ಹತ್ತಿದ ಭತ್ತದ ರೈತರೊಬ್ಬರು ನನ್ನ ಚಿಂತೆ ಕೇಳಿ ಧೈರ್ಯ ಹೇಳಿದರು. "ಐವತ್ತು ಮೆಗಾಪಿಕ್ಸೆಲ್ ಇರೋದು ತಗೋರಿ ಸಾವ್ಕಾರ್ರ. ಇರುವಿ ಕಾಲಾಗಿನ ಗೆಜ್ಜಿ ಸುದ್ದಾ ಕಾಣಸ್ತಾವ."

ಕಮಲಾಪುರದಲ್ಲಿ ಹಂಪಿ ನೋಡಿ ಬಂದ ಹುಡುಗಿಯರ ಗುಂಪು ಹತ್ತಿತು. ಮುಂದಿನ ಸೀಟಿನವಳ ಫೋನಿನೊಳಗೆ ಇಣುಕಿದೆ. ಹಂಪಿಯ ಬಂಡೆಗಳು ತುಪ್ಪ ಸವರಿದಂತೆ ಹೊಳೆಯುತ್ತಿದ್ದವು. ಕಿಟಕಿಯಾಚೆ ಅವೇ ಬಂಡೆಗಳು ಬಿಸಿಲಿಗೆ ಬೂದಿ ಬಣ್ಣದಲ್ಲಿ ಬಿದ್ದಿದ್ದವು. ಇಷ್ಟು ಚೆಂದ ತೆಗೆಯುವ ಫೋನೇ ಬೇಕು ಎಂದು ಅಲ್ಲಿಯೇ ನಿಶ್ಚಯಿಸಿಬಿಟ್ಟೆ.

ಹೊಸಪೇಟೆಯಲ್ಲಿ ಬಸ್ ನಿಲ್ದಾಣದ ಹತ್ತಿರದ ಅಂಗಡಿ ಹೊಕ್ಕೆ. ಮಾರುವ ಹುಡುಗಿ ಒಂದೊಂದೇ ಫೋನು ಹಿಡಿದು, "ಅಂಕಲ್, ಹಿಂಗ ನಿಂದ್ರಿ" ಎಂದು ನನ್ನನ್ನೇ ಕ್ಲಿಕ್ಕಿಸಿದಳು. ಮೊದಲಿನದರಲ್ಲಿ ನಾನು ನಾನಾಗಿಯೇ ಇದ್ದೆ, ಬಿಸಿಲಲ್ಲಿ ಒಣಗಿದ ಮೆಣಸಿನಕಾಯಿ. ಎರಡನೆಯದರಲ್ಲಿ ಮುಖ ತಿಳಿಯಾಗಿ ಕೆನ್ನೆಗೆ ಕಳೆ ಬಂದಿತ್ತು.

"ಏನವ್ವಾ, ಮದುಮಗನಂಗ ಕಾಣಾಕತ್ತೀನಲ್ಲ!"

"ಅದಕ್ಕ ಎಲ್ಲಾರೂ ಇದನ್ನೇ ಒಯ್ತಾರ ನೋಡ್ರಿ."

ಅದನ್ನೇ ಕಟ್ಟಿಸಿಕೊಂಡೆ. ಎರಡು ಇಡ್ಲಿ ನುಂಗಿ ಸಂಡೂರಿನ ಬಸ್ಸಿಗೆ ಓಡಿದೆ. ಗುಡ್ಡದ ದಾರಿಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಬಸ್ಸು ತಾಸುಗಟ್ಟಲೆ ಆಮೆಯಾಯಿತು. ಕೆಂಪು ಧೂಳು ಒಳಗೆಲ್ಲ ತುಂಬಿತು. ಫೋನಿನ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡೆ. ಹೊತ್ತು ಮುಳುಗಿದರೆ ಬೆಳಕಿಲ್ಲ, ಬೆಳಕಿಲ್ಲದಿದ್ದರೆ ಫೋಟೋ ಇಲ್ಲ. ಆ ಬೆರಳಿನಲ್ಲಿ ಈಗ ಏನು ನಡೆದಿದೆಯೋ!

ಮನೆ ಮುಟ್ಟಿದಾಗ ಅಕ್ಕ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು. ಪಾದಗಳಿಗೆ ಅರಿಶಿನ ತಿಕ್ಕಿ ತೊಳೆದಿದ್ದಳು. ಅವು ಹಳದಿಯಾಗಿ ಮಿನುಗುತ್ತಿದ್ದವು.

"ಇದೇನಕ್ಕಾ?"

"ಫೋಟೋ ಅಂದ ಮ್ಯಾಲೆ ಹಂಗ ಹೆಂಗ ಕುಂದ್ರಲಿ? ಡಾಕ್ಟರ್ ಏನಂದಾರು?"

ಶಾಂತಾ ಹೊಸ ಫೋನಿಗೆ ತನ್ನ ಸಿಮ್ ಹಾಕಿ ಫೋಟೋ ತೆಗೆದು ಕಳಿಸಿದಳು. ತುಸು ಹೊತ್ತಿನಲ್ಲೇ ಉತ್ತರ ಬಂತು: ಸುಧಾರಿಸಿದೆ, ಅದೇ ಮಾತ್ರೆ ಮುಂದುವರಿಸಿ. ನನ್ನ ಹೆಗಲಿನ ಭಾರ ಇಳಿಯಿತು. ಶಾಂತಾ ಚಹಾ ತಂದಳು. ಖುಷಿಗೆ, ಅಂಗಡಿಯಲ್ಲಿ ತೆಗೆದ ನನ್ನ ಫೋಟೋವನ್ನು ಅಕ್ಕನಿಗೆ ತೋರಿಸಿದೆ.

ಅಕ್ಕ ಕಣ್ಣು ಕಿರಿದು ಮಾಡಿದಳು. "ಇವ ಯಾರಲೇ? ನಿನ್ನ ಹಣಿ ಮ್ಯಾಲಿನ ಕಲಿ ಎಲ್ಲಿ ಹೋತು? ಹುಣಸಿ ಗಿಡದಿಂದ ಬಿದ್ದಾಗ ಎತ್ಕೊಂಡು ಬಂದಾಕಿ ನಾನು."

ಚಹಾ ಕೆಳಗಿಟ್ಟೆ. ಹಣೆಯ ಮೇಲಿನ ಕಲೆಯನ್ನು ಅಳಿಸಿದ ಫೋನು ಕಾಲಿನ ಗಾಯವನ್ನು ಬಿಟ್ಟಿರುತ್ತದೆಯೇ?

ಶಾಂತಾ ಹುಡುಕಿದಳು. ಅಂಗಡಿಯವರು ಚರ್ಮದ ಕಲೆ ಅಳಿಸಿ ಚೆಂದ ಮಾಡುವ ಗುಂಡಿಯನ್ನು ಹಾಕಿಯೇ ಕೊಟ್ಟಿದ್ದರು. ಅದನ್ನು ಬಂದ್ ಮಾಡಿದೆವು. ಅಕ್ಕನ ಕಾಲನ್ನು ಸೋಪಿನಿಂದ ತೊಳೆದೆ. ಅರಿಶಿನ ಹೋದಂತೆ ಉಗುರಿನ ಸುತ್ತ ನೇರಳೆ ಹಣ್ಣಿನ ಬಣ್ಣ ಕಾಣಿಸಿತು. ಅಂಗಳದ ಕೊನೆಯ ಬಿಸಿಲಿಗೆ ಕಾಲು ಚಾಚಿಸಿ ಮತ್ತೆ ತೆಗೆದೆವು.

ಈ ಸಲ ಉತ್ತರದ ಬದಲು ಡಾಕ್ಟರ ಫೋನೇ ಬಂತು.

"ಮೊದಲು ಕಳಿಸಿದ್ದು ಯಾರ ಕಾಲು ರೀ?"

"ನಮ್ಮಕ್ಕಂದ ರೀ, ಫೋನು ಚೆಂದ ಮಾಡಿಬಿಟ್ಟಿತ್ತು."

"ಈಗಿಂದೀಗ ಹೊರಡ್ರಿ. ನಾಳೆ ಅನಬ್ಯಾಡ್ರಿ."

ಭಾವ ಲಾರಿ ತೆಗೆದುಕೊಂಡು ಮಂಗಳೂರಿನ ಕಡೆ ಹೋಗಿದ್ದರು. ಓಣಿಯವರೊಬ್ಬರ ಕಾರು ಮಾಡಿಕೊಂಡು ಹೊರಟೆವು. ಬಳ್ಳಾರಿ ಮುಟ್ಟುವವರೆಗೂ ಅಕ್ಕನ ಕಾಲು ನನ್ನ ತೊಡೆಯ ಮೇಲಿತ್ತು. ರಸ್ತೆಯ ಪ್ರತಿ ಗುಂಡಿಗೂ ನಾನೇ ನರಳಿದೆ, ಅವಳಲ್ಲ. ಒಮ್ಮೆ ಮಾತ್ರ, "ನಿಮ್ಮ ಭಾವಗ ಹೇಳಬ್ಯಾಡ. ಘಾಟಿನ ದಾರ್ಯಾಗ ಅದಾರ" ಎಂದಳು.

ಬೆರಳು ಹೋಯಿತು. ಕಾಲು ಉಳಿಯಿತು.

ಮರುದಿನ ಕಂಪ್ಲಿಯ ಬಸ್ಸಿಗೆಂದು ಹೊರಟವನು ವಾರ್ಡಿನ ಬಾಗಿಲಲ್ಲಿ ತಿರುಗಿ ನೋಡಿದೆ. ಅಕ್ಕ ಬ್ಯಾಂಡೇಜಿನ ಕಾಲನ್ನು ದಿಂಬಿನ ಮೇಲಿಟ್ಟು ಹೊಸ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಅತ್ತ ಭಾವ ಮುಖ ತೋರಿಸು ಎನ್ನುತ್ತಿದ್ದರೇನೋ.

"ವಿಡಿಯೋ ಬ್ಯಾಡ್ರಿ, ಕೈಯೆಲ್ಲಾ ಹಿಟ್ಟಾಗೈತಿ" ಎನ್ನುತ್ತಿದ್ದಳು. "ರೊಟ್ಟಿ ಬಡ್ಯಾಕತ್ತೀನಿ. ನೀವು ಸಾವಕಾಶ ಗಾಡಿ ಹೊಡಕೊಂಡು ಬರ್ರಿ."